ಫಾಲೋಅಪ್‌ಗೆ ಹೋದ್ರ ನನ್ನ 'ಸಂಘದ ಮೇಡಂ' ಮಾಡ್ಯಾರ, ಮುಂದೇನ್ ಮಾಡ್ಲಿ?

ವರದಾ ದಂಡಿ ಕೇಳಿದ್ದು:

ಎಲ್ಲಾರಿಗೂ ನಮಸ್ಕಾರ್ರೀ. ಹಾವೇರಿ ಜಿಲ್ಲಾದಾಗ ಒಂದು ದತ್ತು ಸಂಸ್ಥೆಯೊಳಗ ಸೋಷಿಯಲ್ ವರ್ಕರ್ ಅಂತ ಸೇರಿ ಒಂದು ವರ್ಷ ಆತು. ಧಾರವಾಡದಾಗ ಎಂ.ಎಸ್.ಡಬ್ಲ್ಯೂ ಮಾಡಿದಾಕಿ ನಾನು. ಕ್ಲಾಸಿನಾಗ ಕಲಿತ ಕೇಸ್ ವರ್ಕ್ ಬ್ಯಾರೆ, ಬಸ್‌ಸ್ಟ್ಯಾಂಡಿನಾಗ ಎರಡು ತಾಸು ಕಾದು, ನಿಂತ್ಕೊಂಡು ಹೋಗಿ ಮಾಡೂ ಕೇಸ್ ವರ್ಕ್ ಬ್ಯಾರೆ ಅನ್ನೂದು ಈಗೀಗ ತಿಳಿಯಾಕತ್ತೈತಿ. ಅದಿರ್ಲಿ ಬಿಡ್ರಿ.

ಒಂದು ಮನಿ ವಿಷಯ. ಊರು ಹೇಳಂಗಿಲ್ಲ, ಸಣ್ಣಪುಟ್ಟ ವಿವರ ಬದಲು ಮಾಡೀನಿ. ಗಂಡ, ಹೆಂಡ್ತಿ, ಗಂಡನ ತಾಯಿ. ಮದುವಿಯಾಗಿ 11 ವರ್ಷ. 3 ವರ್ಷ 2 ತಿಂಗಳ ಹುಡುಗಿ ನಮ್ಮ ಕೇಂದ್ರದಿಂದ ದತ್ತು ಆಗಿ ಅವರ ಮನಿಗೆ ಬಂದು ಈಗ 16 ತಿಂಗಳಾತು. ಡಿಸಿ ಸಾಹೇಬ್ರ ಆದೇಶ ಆಗೇತಿ, ಜನ್ಮ ಪ್ರಮಾಣಪತ್ರ ಬಂದೇತಿ, ಎಲ್‌ಕೆಜಿಗೆ ಹಚ್ಚ್ಯಾರ. ಕಾಗದದ ಮ್ಯಾಲೆ ಒಂದು ಕೊರತಿ ಇಲ್ಲ. ಹುಡುಗಿ ತೂಕ ಏರೇತಿ, ಅಪ್ಪನ ಸೈಕಲ್ ಮೋಟರ್ ಸಪ್ಪಳ ಕೇಳಿದ್ರ ಸಾಕು, ಓಡಿ ಬಾಗಿಲಿಗೆ ನಿಂದರ್ತಾಳ.

ಕೂಸು ಬರೂ ಮುಂದ ಇವರು ಹಳ್ಳಿ ಮನಿ ಬಿಟ್ಟು ತಾಲೂಕಿನ ಊರಿಗೆ ಬಾಡಿಗಿಗೆ ಬಂದ್ರು. ಯಾಕಂದ್ರ ಇಲ್ಲಿ ಅವರನ್ನ ಬಲ್ಲವರು ಇಲ್ಲ. 'ಮಗಳು ಇಷ್ಟು ದಿನ ತವರುಮನ್ಯಾಗ ಬೆಳದಾಳ' ಅಂತ ಅತ್ತಿ ಓಣಿಗೆಲ್ಲಾ ಹೇಳ್ಯಾರ. ಸರಿ, ಅದು ಅವರ ಮನಿ ಮಾತು. ಆದ್ರ ಕೂಸು ಹೆಂಗೈತಿ ನೋಡಾಕ ಆರು ತಿಂಗಳಿಗೊಮ್ಮೆ ನಾ ಫಾಲೋಅಪ್‌ಗೆ ಹೋಗಬೇಕಲ್ರಿ, ಎರಡು ವರ್ಷದ ತನಕ. ಮೊದಲ ಸಲ ಹೋದಾಗ ಬಾಜೂ ಮನಿಯವರು ಕಟ್ಟಿ ಮ್ಯಾಲೆ ಕುಂತು ಮೆಣಸಿನಕಾಯಿ ತೊಟ್ಟು ಬಿಡಿಸಾಕತ್ತಿದ್ರು. 'ಯಾರ್ರೀ ಇವ್ರು?' ಅಂದ್ರು. ನಾ ಬಾಯಿ ತೆರಿಯೂದ್ರೊಳಗ ಅತ್ತಿ, 'ಸಂಘದ ಮೇಡಂ' ಅಂದುಬಿಟ್ರು. ಹೆಗಲಿಗೆ ಕರಿ ಬ್ಯಾಗ್, ಕೈಯಾಗ ಉದ್ದನ ರಿಜಿಸ್ಟರ್. ನಂಬದೇ ಇರೂದು ಹೆಂಗ?

ಎರಡನೇ ಸಲ ಹೋಗೂದ್ರೊಳಗ ಕಥಿ ಬೆಳದಿತ್ತು. ಇವರು ಸಂಘದಾಗ ಸಾಲ ಮಾಡ್ಯಾರ, ಕಂತು ಕಟ್ಟಾಕ ಆಗವಲ್ದು, ಅದಕ್ಕ ಮೇಡಂ ಮನಿಗೆ ಬಂದು ಒಳಗ ಒಂದು ತಾಸು ಕುಂದರ್ತಾರ ಅಂತ. ಮೈಕ್ರೋ ಫೈನಾನ್ಸ್ ವಸೂಲಿ ಗದ್ದಲ ನಮ್ಮ ಕಡೆ ಎಷ್ಟಾತು ನಿಮಗ ಗೊತ್ತೈತಿ. ಓಣಿ ಅಂಗಡಿಯಾಂವ ಉದ್ರಿ ಕೊಡೂದು ಬಂದ್ ಮಾಡ್ಯಾನಂತ. ಹುಡುಗಿ ಅಪ್ಪ ಇದನ್ನ ಹೇಳಿ ನಕ್ಕರು. ಅವ್ವ ನಗಲಿಲ್ಲ.

ಇಷ್ಟ ಆಗಿದ್ರ ನಾನೂ ನಕ್ಕು ಬಿಡ್ತಿದ್ದೆ. ಹೋದ ಸಲ ಹೊರಡೂ ಮುಂದ ಹುಡುಗಿ ನನ್ನ ಚಪ್ಪಲ್ ತಂದುಕೊಟ್ಟು, ಕೆಳಗ ಬಗ್ಗಸ್ಕೊಂಡು ಕಿವ್ಯಾಗ ಹೇಳಿದ್ಲು: 'ಅಕ್ಕಾ, ಆ ಮನಿದು ನಾ ಯಾರ ಮುಂದೂ ಹೇಳಂಗಿಲ್ಲ.'

ಆಕಿಗೆ ನಮ್ಮ ಕೇಂದ್ರ ನೆನಪೈತಿ. ನಾ ಅಲ್ಲಿಂದ ಬರಾಕಿ ಅನ್ನೂದೂ ಗೊತ್ತೈತಿ ಅಂತ ಆತಲ್ಲ. ನಾಕೂವರಿ ವರ್ಷದ ಕೂಸು ದೊಡ್ಡವರ ಗುಟ್ಟು ಹೊತ್ಕೊಂಡು ಅಡ್ಡಾಡಾಕತ್ತೈತಿ. ಇನ್ನೂ ಒಂದ್ರೀ: ರಾತ್ರಿ ದಿಂಬಿನ ಕೆಳಗ ಅರ್ಧ ಚಪಾತಿ ಇಟ್ಕೊಂಡು ಮಲಗ್ತಾಳಂತ. ಇರುವಿ ಹತ್ತಿದ್ವು ಅಂತ ಅತ್ತಿ ಬೈದಾರ.

ನಾ ಏನ್ ಮಾಡ್ಲಿ? ಸುಳ್ಳಿಗೆ ಸುಳ್ಳು ಕೂಡಿಸ್ಲೋ? ಓಣ್ಯಾಗ ಖರೇ ಹೇಳಿದ್ರ ಅವರ ಮಾನ ಕಳದಂಗ. ರಿಪೋರ್ಟಿನಾಗ 'ಮಗು ಚೆನ್ನಾಗಿ ಹೊಂದಿಕೊಂಡಿದೆ' ಅಂತ ಬರಿಯಾಕ ಕೈ ಬರವಲ್ದು. ಇದೇ ಕೆಲಸ ಮಾಡಿದವರು ಯಾರರ ಇದ್ರ ಹೇಳ್ರಿ.


ಕಾನೂನು ವಿದ್ಯಾರ್ಥಿ:

ಮೇಡಂ, ಇದು ಗಂಭೀರ ವಿಷಯ. ದತ್ತು ಪೋಷಕರು ಸತ್ಯ ಮುಚ್ಚಿಡುತ್ತಿದ್ದಾರೆ ಎಂದರೆ ನೀವು ಕೂಡಲೇ ಮಕ್ಕಳ ಕಲ್ಯಾಣ ಸಮಿತಿಗೆ ಬರೆಯಬೇಕು. ಆದೇಶವೇ ರದ್ದಾಗುವ ಸಾಧ್ಯತೆ ಇದೆ. ನೀವು ಸಂಘದವರು ಎಂದು ಒಪ್ಪಿಕೊಂಡದ್ದು ಕೂಡ ತಪ್ಪೇ.


ಉಣಕಲ್ ತಂಗಾಳಿ:

ವಿದ್ಯಾರ್ಥಿ ತಮ್ಮಾ, ಸ್ವಲ್ಪ ತಡಿಯಪಾ. ರದ್ದು ಅನ್ನೂ ಮಾತು ಓದಿ ನನ್ನ ಎದಿ ಧಸಕ್ಕಂತು. ನಮ್ಮ ಮನಿಗೆ ಮಗ ಬಂದು ಎಂಟು ವರ್ಷಾತು, ಇವತ್ತಿಗೂ ಆ ಶಬ್ದ ಕೇಳಿದ್ರ ಕೈಕಾಲು ತಣ್ಣಗಾಗ್ತಾವ.

ವರದಾ ಅವರ, ನಾ ಆ ಕಡಿಯಾಕಿ. ಅಂದ್ರ ನಿಮ್ಮಂಥವರು ಬರ್ತಾರ ಅಂದ್ರ ಮುಂಜಾನೆದ್ದು ಪರದೆ ಒಗಿಯಾಕಿ. ನೀವು ಬರೂದು ನಮಗ ಪರೀಕ್ಷಾ ಇದ್ದಂಗ್ರೀ. ನಮ್ಮ ಮನಿಗೆ ಬರ್ತಿದ್ದ ಅಕ್ಕನ ಮುಂದ ಮೊದಲನೇ ವರ್ಷ ನಾನು ಒಂದೂ ಖರೇ ಹೇಳಿಲ್ಲ. ಮಗ ರಾತ್ರಿ ಎಲ್ಲಾ ಅಳತಿದ್ದ, 'ಛಲೋ ನಿದ್ದಿ ಮಾಡ್ತಾನ್ರೀ' ಅಂತಿದ್ದೆ. ಅತ್ತಾನ ಅಂದ್ರ ಒಯ್ದುಬಿಡ್ತಾರ ಅಂತ ಹೆದರಿಕಿ. ಆ ಅತ್ತಿಯವರಿಗೂ ಅದ ಇರಬಹುದು. ಮೊದಲು ಆ ಅವ್ವನ್ನ ಒಬ್ಬಾಕಿನ್ನ ಕೂಡ್ಸಿ, 'ನಿಮ್ಮ ಮಗಳನ್ನ ಯಾರೂ ಒಯ್ಯಂಗಿಲ್ಲ' ಅಂತ ಬಾಯಿ ಬಿಟ್ಟು ಹೇಳ್ರಿ. ನಿಮಗದು ಗೊತ್ತಿದ್ದ ಮಾತು, ಆಕಿಗೆ ಗೊತ್ತಿರೂದಿಲ್ಲ.

ಮತ್ತ ಆ ಕರಿ ಬ್ಯಾಗ್ ಮೊದಲು ಬಿಡ್ರಿ ಯವ್ವಾ. ಕಾಯಿಪಲ್ಲೆ ಚೀಲದಾಗ ರಿಜಿಸ್ಟರ್ ಹಾಕ್ಕೊಂಡು ಹೋಗ್ರಿ.


ಮಾಳಮಡ್ಡಿ ಹಳೇ ಕೈ:

ತಂಗೀ, 16 ವರ್ಷ ಇದೇ ಕೆಲಸ ಮಾಡಿ ಈಗ ಮನ್ಯಾಗ ಕುಂತೀನಿ. ಧಾರವಾಡ, ಗದಗ ಎರಡೂ ಕಡೆ ಅಡ್ಡಾಡೀನಿ. ಸ್ವಲ್ಪ ಉದ್ದ ಆಗ್ತೈತಿ, ಓದ್ಕೋ.

ಊರು ಹೆಸರು ಹಾಕದ ಛಲೋ ಮಾಡಿದಿ. ಬಾಲನ್ಯಾಯ ಕಾಯ್ದೆ 74ನೇ ಕಲಮಿನ ಪ್ರಕಾರ ಇಂಥಾ ಮಗುವಿನ ಗುರುತು ಬಹಿರಂಗ ಮಾಡಿದ್ರ ಆರು ತಿಂಗಳ ತನಕ ಜೈಲು, 2 ಲಕ್ಷ ರೂಪಾಯಿ ತನಕ ದಂಡ, ಇಲ್ಲಾ ಎರಡೂ. ಹಂಗಾಗಿ ಓಣ್ಯಾಗ ನಿಂತು 'ನಾ ದತ್ತು ಸಂಸ್ಥೆಯಾಕಿ' ಅನ್ನೂದು ಖರೇತನ ಅಲ್ಲ, ತಪ್ಪು. ವಿದ್ಯಾರ್ಥಿಗಳಿಗೂ ಅದನ್ನ ಹೇಳ್ತೀನಿ: ದತ್ತು ತಗೊಂಡದ್ದನ್ನ ನೆರಿಯವರಿಗೆ ಹೇಳಲೇಬೇಕು ಅಂತ ಯಾವ ನಿಯಮಾನೂ ಇಲ್ಲ. ಆದೇಶ ರದ್ದಾಗೂ ಮಾತೂ ಇಲ್ಲಿ ಬರಂಗಿಲ್ಲ. 2022ರ ಸೆಪ್ಟೆಂಬರ್‌ನಿಂದ ಆದೇಶ ಕೋರ್ಟ್ ಬಿಟ್ಟು ಡಿಸಿ ಕಚೇರಿಗೆ ಬಂದೈತಿ, ಅಷ್ಟ. ಅದರ ಹಿಂದ ನಾವು ಕೂಸಿನ್ನ ಕಂಕುಳಾಗ ಹೊತ್ಕೊಂಡ ಅಪ್ಪ-ಅವ್ವಗಳನ್ನ ಕೋರ್ಟಿನ ಪಡಸಾಲ್ಯಾಗ, ಜಾಮೀನಿಗೆ ಬಂದವರ ಬಾಜೂಕ ಕೂಡಸ್ತಿದ್ವಿ. ತೊಟ್ಲಾಗ ಬಂದ ಕೂಸು ನಡಿಯಾಕ ಕಲಿತ ಮ್ಯಾಲೆ ಆದೇಶ ಕೈಗೆ ಸಿಕ್ಕದ್ದೂ ನೋಡೀನಿ.

ಈಗ ನಿನ್ನ ಮನಿ ಮಾತು. ಇಲ್ಲಿ ಎರಡು ಗುಟ್ಟು ಅದಾವ, ನೀ ಎರಡನ್ನೂ ಒಂದ ಗಂಟಿನಾಗ ಕಟ್ಟಿದಿ. ಓಣಿಯಿಂದ ಮುಚ್ಚಿಡೂದು ಅವರ ಹಕ್ಕು. ಸಂಘದ ಮೇಡಂ ಅನ್ನಲಿ, ಬ್ಯಾಂಕಿನ ಮೇಡಂ ಅನ್ನಲಿ, ನೀ ಹೂಂ ಅನಬ್ಯಾಡ, ಉಹೂಂ ಅನಬ್ಯಾಡ, ಚಪ್ಪಲ್ ಬಿಟ್ಟು ಒಳಗ ನಡಿ. ಆದ್ರ ಕೂಸಿನಿಂದ ಕೂಸಿನ ಕಥಿ ಮುಚ್ಚಿಡೂದು ಯಾರ ಹಕ್ಕೂ ಅಲ್ಲ. ಈ ಹುಡುಗಿ ಅಂತೂ ಮೂರು ವರ್ಷ ದಾಟಿ ಬಂದಾಕಿ. ಆಕಿಗೆ ಹೇಳೂದೇನು, ಆಕೀನ ನಮಗ ಹೇಳ್ತಾಳ! ಆ ಮಾತು ಆಡಿದ್ರ ಅವ್ವನ ಮಾರಿ ಕಪ್ಪಿಡ್ತೈತಿ ಅನ್ನೂದು ಆಕಿಗೆ ತಿಳಿದೈತಿ, ಅದಕ್ಕ ಬಾಯಿ ಕಟ್ಟ್ಯಾಳ.

ನನ್ನ ಒಂದು ತಪ್ಪು ಹೇಳ್ತೀನಿ. ಭಾಳ ವರ್ಷದ ಹಿಂದಿಂದು. ಒಂದು ಮನ್ಯಾಗ ನನ್ನ 'ಸಾಲಿ ಮಾಸ್ತರ, ನಿಮ್ಮಪ್ಪನ ಗೆಳೆಯ' ಅಂತ ಹುಡುಗಗ ಹೇಳಿದ್ರು. ನಾನೂ ಮಾಸ್ತರನ ಆಗಿಬಿಟ್ಟೆ. ಆತಗ ಮಗ್ಗಿ ಕೇಳ್ತಿದ್ದೆ, ಪೆನ್ ಕೊಡ್ತಿದ್ದೆ. ಫಾಲೋಅಪ್ ಮುಗದ ಮ್ಯಾಲೂ ಆ ಕಡೆ ಹೋದಾಗೊಮ್ಮೆ ಇಣಕ್ತಿದ್ದೆ, ಆ ಮನಿ ಚಹಾ ಅಷ್ಟು ಛಲೋ. ಹುಡುಗ ಒಂಬತ್ತನೇತ್ತಾ ಇದ್ದಾಗ ಒಂದು ಮದುವ್ಯಾಗ ಯಾರೋ ಬೀಗರು ಜಗಳದಾಗ ಅಂದುಬಿಟ್ರು. ಅವರಪ್ಪ ನನಗ ಫೋನ್ ಮಾಡಿ ಕರಿಸಿದ್ರು. ಹುಡುಗ ಅಳಲಿಲ್ಲ, ಅಪ್ಪ-ಅವ್ವಗ ಏನೂ ಅನಲಿಲ್ಲ. ನನ್ನ ನೋಡಿ ಒಂದ ಮಾತು ಕೇಳಿದ: 'ಹಂಗಾರ ನೀವು ಮಾಸ್ತರ ಅಲ್ಲೇನ್ರೀ?'

ಅವತ್ತಿನಿಂದ ಕೂಸಿನ ಮುಂದ ನಾ ಬ್ಯಾರೆ ಯಾರೂ ಆಗಿಲ್ಲ. ನೀನೂ ಆಗಬ್ಯಾಡ.

ಹೆಂಗ ಮಾಡಬೇಕು ಅಂದ್ರ, ಮೊದಲು ಗಂಡ-ಹೆಂಡ್ತಿ ಇಬ್ಬರನ್ನೂ ನಿಮ್ಮ ಆಫೀಸಿಗೆ ಕರಸು, ಕೂಸಿನ್ನ ಬಿಟ್ಟು. ಆಕಿ ಕಿವ್ಯಾಗ ಹೇಳಿದ್ದನ್ನ ಹಂಗ ಹೇಳು. ಬೈಯ್ಯೂ ದನಿ ಬ್ಯಾಡ. ಅವರು ಒಪ್ಪಿದ ಮ್ಯಾಲೆ ಮನ್ಯಾಗ, ಅವರೆದುರಿಗೇ ಕೂಸಿಗೆ ಹೇಳು: 'ನೀ ಮೊದಲ ಇದ್ದ ಮನ್ಯಾಗ ನಾ ಕೆಲಸ ಮಾಡ್ತೀನಿ. ನೀ ಹೆಂಗದಿ ನೋಡಾಕ ಬರ್ತೀನಿ. ನೋಡಿ ನಮ್ಮ ಮನಿಗೆ ನಾ ಹೋಗ್ತೀನಿ, ನೀ ನಿಮ್ಮ ಮನ್ಯಾಗ ಇರ್ತಿ.' ಕಡೀ ಮಾತು ಬಿಡಬ್ಯಾಡ. ಕೂಸಿಗೆ ಬೇಕಾದ್ದು ಅದ.

ಅವರ ಹತ್ರ ಕೂಸಿನ್ನ ಮೊದಲ ಸಲ ಎತ್ಕೊಂಡ ದಿನದ ಫೋಟೋ ಇದ್ದ ಇರ್ತಾವ, ಮೊಬೈಲಿನಾಗ ಹುಗಿದಿಟ್ಟಿರ್ತಾರ. ಪ್ರಿಂಟ್ ಹಾಕಸಾಕ ಹೇಳು. 'ನಿನ್ನ ತಂದ್ವಿ' ಅನ್ನೂದು ಬ್ಯಾಡ, ತರೂದು ಸಂತ್ಯಾಗಿಂದ. 'ನೀ ಬಂದಿ' ಅನ್ನಲಿ.

ಚಪಾತಿ ವಿಷಯಕ್ಕ ಹೆದರಬ್ಯಾಡ. ಕೇಂದ್ರದಾಗ ಹೊತ್ತಿಗೆ ಸರಿಯಾಗಿ ಊಟ ಕೊಟ್ಟಿರ್ತೀರಿ, ಆದ್ರೂ ಅದರ ಹಿಂದ ಆಕಿ ಯಾವ ಹಸಿವಿ ಕಂಡಾಳೋ ಯಾರಿಗ್ಗೊತ್ತು. ಆಕಿ ಕೈಗೆ ಎಟಕೂ ಹಂಗ ಒಂದು ಡಬ್ಬಿ ಇಡಾಕ ಹೇಳು. ಚುರುಮುರಿ, ಶೇಂಗಾ ಉಂಡಿ, ಬಿಸ್ಕೀಟ್ ಏನರ. ರಾತ್ರಿ ಡಬ್ಬಿ ತುಂಬಿದ್ದನ್ನ ಆಕಿಗೆ ತೋರಸಬೇಕು, ಮುಚ್ಚಳ ಬಿಗಿ ಇರಬಾರದು. ಇದಕ್ಕ ಯಾರೂ ಬೈಯ್ಯಂಗಿಲ್ಲ. ಎರಡು ತಿಂಗಳು ನೋಡು.

ಇನ್ನ ಅತ್ತಿ. ಅವರ ಮುಂದ ಕಾನೂನು ಓದಬ್ಯಾಡ. ನಮ್ಮ ಕಡಿ ಮುದುಕೇರಿಗೆ ದತ್ತಕ ಹೊಸಾದೇನಲ್ಲ. ಹುಬ್ಬಳ್ಳಿ ಸರ್ಕಲ್‌ನಾಗ ಕುದುರಿ ಮ್ಯಾಲೆ ಚೆನ್ನಮ್ಮ ಕುಂತಾಳಲ್ಲ, 1824ರಾಗ ಕಿತ್ತೂರಿನ ದತ್ತಕವನ್ನ ಇಂಗ್ರೇಜಿಯವರು ಒಪ್ಪಲಿಲ್ಲ ಅಂತನ ಆ ಜಗಳ ಹತ್ತಿದ್ದು, ಧಾರವಾಡದ ಕಲೆಕ್ಟರ್ ಥ್ಯಾಕರೆ ಅಲ್ಲೇ ಬಿದ್ದ. ನರಗುಂದದ ಬಾಬಾಸಾಹೇಬಂದೂ ಅದ ಸಿಟ್ಟು, ದತ್ತಕಕ್ಕ ಪರವಾನಗಿ ಕೊಡಲಿಲ್ಲ ಅಂತ, 1858ರಾಗ ಎದ್ದ. ದತ್ತಕದ ಸಲುವಾಗಿ ಜೀವಾ ಕೊಟ್ಟ ಊರಿನವರು ನಾವು, ದತ್ತಕ ಅನ್ನಾಕ ನಾಚಿಕಿ ಯಾಕ್ರೀ ಅಂತ ಕೇಳು. ನಾ ಭಾಳ ಮನ್ಯಾಗ ಈ ಮಾತು ಹೂಡೀನಿ. ಮುದುಕೇರು ನಗ್ತಾರ, ನಕ್ಕ ಮ್ಯಾಲೆ ಮಾತು ಸರಳ ಆಗ್ತೈತಿ.

ರಿಪೋರ್ಟಿನಾಗ ನೋಡಿದ್ದು ನೋಡಿದಂಗ ಬರಿ. ಕೌನ್ಸೆಲಿಂಗ್ ಬೇಕು ಅಂತ ಬರಿಯೂದು ಕುಟುಂಬದ ಮ್ಯಾಲೆ ದೂರಲ್ಲ.


ಬೆಟಗೇರಿ ದೊಡ್ಡವ್ವ:

ನಮ್ಮ ಮನ್ಯಾಗ ದತ್ತಕ ಅಲ್ಲರೀ, ಫಾಸ್ಟರ್ ಕೇರ್. ಹತ್ತು ವರ್ಷದ ಹುಡುಗ ಅದಾನ. ಅಂವಗ ಹೆತ್ತವ್ವ ಅದಾಳ, ಆರಾಮಿಲ್ಲ, ಸಾಕಾಕ ಆಗೂದಿಲ್ಲ. ಆಕಿ ಬಂದು ನೋಡಿ ಹೋಗ್ತಾಳ. ಹಂಗಾಗಿ ನಮಗ ಮುಚ್ಚಿಡೂ ಪ್ರಶ್ನೇನ ಇಲ್ಲ, ಓಣಿಗೆಲ್ಲಾ ಗೊತ್ತು. ತಿಂಗಳಿಗೆ 4000 ರೂಪಾಯಿ ಸರಕಾರದಿಂದ ಬರ್ತೈತಿ ಅನ್ನೂದೂ ಗೊತ್ತು, 'ರೊಕ್ಕಕ್ಕ ಸಾಕ್ಯಾಳ' ಅನ್ನೂ ಮಾತೂ ಕೇಳೀನಿ. ಬರ್ರಿ, ಅಂವ ಎಷ್ಟು ರೊಟ್ಟಿ ತಿಂತಾನ ಎಣಸಾಕ ಕೂಡ್ರಿ ಅಂತೀನಿ.

ಬಂದ ಹೊಸದಾಗ ನನಗ ಏನಂತ ಕರೀಬೇಕು ಅಂತ ಅಂವಗ ತಿಳೀಲಿಲ್ಲ. ಅವ್ವ ಅನ್ನಾಕ ಮನಸ್ಸಿಲ್ಲ, ಅವ್ವ ಬ್ಯಾರೆ ಅದಾಳ. ಆಂಟಿ ಅಂದ್ರ ನನಗ ಸೇರೂದಿಲ್ಲ. ಒಂದಿನ ಅಂವನ ಅವ್ವನ ಅಂದ್ಲು, 'ದೊಡ್ಡವ್ವ ಅನ್ನಪಾ' ಅಂತ. ಮುಗೀತು ನೋಡ್ರಿ. ನಮ್ಮ ಮಾತಿನಾಗ ಎರಡನೇ ಅವ್ವಗ ಜಾಗಾ ಮೊದಲ ಐತಿ: ದೊಡ್ಡವ್ವ, ಚಿಗವ್ವ. ನಿಮ್ಮ ಹುಡುಗಿ ಕೇಂದ್ರದಾಗ ಸಾಕಿದ ಆಯಾಗ ಏನಂತಿತ್ತು ಕೇಳ್ರಿ. ಆ ಹೆಸರು ಆ ಮನ್ಯಾಗ ಅನ್ನಾಕ ಬಿಟ್ರ ಅರ್ಧ ಭಾರ ಇಳೀತೈತಿ.


ವರದಾ ದಂಡಿ:

ಎಲ್ಲಾರಿಗೂ ಶರಣು. ಉಣಕಲ್ ಅಕ್ಕಾರ, ನೀವು ಹೇಳಿದ್ದ ಖರೇ. ಆಫೀಸಿಗೆ ಬಂದಾಗ 'ಯಾರೂ ಒಯ್ಯಂಗಿಲ್ಲ' ಅಂದೆ, ಆ ಅವ್ವ ಮಾತಾಡ್ಲೇ ಇಲ್ಲ, ಹತ್ತು ನಿಮಿಷ ಅತ್ತರು. ನನ್ನ ಹತ್ರ ಕರವಸ್ತ್ರಾನೂ ಇರಲಿಲ್ಲ, ಅರ್ಜಿ ಫಾರಂ ಕೊಟ್ಟೆ.

ಹಳೇ ಕೈ ಸರ್, ಚೆನ್ನಮ್ಮನ ಬಾಣ ನಡೀಲಿಲ್ಲ! ಅತ್ತಿಯವರು ಪೂರಾ ಕೇಳಿ, 'ಅವರು ತಮ್ಮ ಪೈಕಿ ಹುಡುಗನ್ನ ತಗೊಂಡಿದ್ರವ್ವಾ, ಗೊತ್ತಿದ್ದ ಮನಿದು' ಅಂದ್ರು. ನನ್ನ ಹತ್ರ ಉತ್ತರ ಇರಲಿಲ್ಲ. ಸುಮ್ಮನ ಕುಂತೆ. ಆಮ್ಯಾಲೆ ಅವರ ಹೇಳಾಕ ಸುರು ಮಾಡಿದ್ರು, ತಾವು ಸಣ್ಣಾಕಿ ಇದ್ದಾಗ ತಾಯಿ ತೀರಿ ಸೋದರತ್ತಿ ಮನ್ಯಾಗ ಬೆಳದದ್ದು. 'ಬಾಜೂ ಹುಡುಗೂರು ನನಗ ಪರದೇಶಿ ಅಂತಿದ್ರು, ಇಕಿಗೆ ಅನ್ನಬಾರದು' ಅಂದ್ರು. ನಾ ಇಷ್ಟು ದಿನ ಅವರನ್ನ ಹಟಮಾರಿ ಅಂತ ತಿಳಿದಿದ್ದೆ. ಡೈರಿಯಾಗೂ ಹಂಗ ಬರದಿದ್ದೆ. ಹೊಡದು ಹಾಕೀನಿ.

ಡಬ್ಬಿ ಇಟ್ಟಾರ. ಶೇಂಗಾ ಉಂಡಿ ತನಗ ಎರಡು, ಆಯಿಗೆ ಒಂದು ಅಂತ ಎಣಸ್ತಾಳಂತ. 18ನೇ ತಿಂಗಳ ಫಾಲೋಅಪ್ ಆದ ಮ್ಯಾಲೆ ಬರೀತೀನಿ.


ವರದಾ ದಂಡಿ (ಎರಡು ತಿಂಗಳ ನಂತರ):

ಹೋಗಿ ಬಂದೆ. ಕರಿ ಬ್ಯಾಗ್ ಇಲ್ಲ, ಕಾಯಿಪಲ್ಲೆ ಚೀಲ.

ಸರ್ ಹೇಳಿದಂಗ ಹುಡುಗಿಗೆ ಅಪ್ಪ-ಅವ್ವನ ಎದುರಿಗೆ ನಾ ಯಾರು ಅಂತ ಹೇಳಿದೆ. ನನಗ ಗೊತ್ತಿತ್ತು ಅನ್ನೂ ಹಂಗ ಮಾರಿ ಮಾಡಿ, ಆಯಾನ ಹೆಸರು ಹೇಳಿ 'ಅವರಿಗೆ ಮಂಡಿನೋವು ಕಡಿಮಿ ಆತೇನು?' ಅಂತ ಕೇಳಿದ್ಲು. ನನಗ ಆಯಾರ ಮಂಡಿನೋವು ಗೊತ್ತಿರಲಿಲ್ಲ. ಮರುದಿನ ಕೇಳಿದೆ, ಖರೇನ ಐತಿ. ಚಪಾತಿ ಇನ್ನೂ ವಾರಕ್ಕೊಮ್ಮೆ ದಿಂಬಿನ ಕೆಳಗ ಸಿಗ್ತೈತಂತ. ಅದನ್ನೂ ರಿಪೋರ್ಟಿನಾಗ ಬರದೀನಿ. ಫೋಟೋ ಪ್ರಿಂಟ್ ಇನ್ನೂ ಹಾಕಿಸಿಲ್ಲ, 'ಮುಂದಿನ ತಿಂಗಳ' ಅಂದ್ರು.

ಹೊರಗ ಬರೂ ಮುಂದ ಅದ ಕಟ್ಟಿ, ಅದ ಬಾಜೂ ಮನಿಯವ್ವ. ಅತ್ತಿಯವರು ಒಂದು ಕ್ಷಣ ನನ್ನ ನೋಡಿದ್ರು. ಆಮ್ಯಾಲೆ ಸೆರಗು ಸರಿ ಮಾಡ್ಕೊಂಡು, 'ಇವರು ಸಂಘದವರಲ್ಲರೀ. ನಮ್ಮ ಹುಡುಗಿ ನೋಡಾಕ ಬರ್ತಾರ' ಅಂದ್ರು. ಬಾಜೂ ಮನಿಯವ್ವ ಬಾಯಿ ಮ್ಯಾಲೆ ಕೈ ಇಟ್ಕೊಂಡು, 'ನಾಕೂವರಿ ವರ್ಷದಾಕಿನ್ನ ಈಗ್ಲೇ ನೋಡಾಕ ಬರ್ತಾರೇನ್ರೀ, ವರಾ ಎಲ್ಲೇತಿ?' ಅಂದ್ರು. ಮೂರೂ ಮಂದಿ ನಕ್ಕಿವಿ.

ನಕ್ಕ ಮ್ಯಾಲೆ ಆ ಅವ್ವ ಮೊರದಾಗಿನ ಮೆಣಸಿನಕಾಯಿ ಬಾಜೂಕ ಸರಿಸಿ, ದನಿ ಇಳಿಸಿ ಹೇಳಿದ್ರು. ಹುಡುಗಿ ಬಂದ ತಿಂಗಳದಾಗ ಅವರ ಮೊಮ್ಮಗನ ಮುಂದ ಎಲ್ಲಾ ಹೇಳ್ಯಾಳಂತ. ಅಲ್ಲಿ ಎಷ್ಟು ಮಕ್ಕಳಿದ್ವು, ಯಾವ ದಿನ ತತ್ತಿ ಕೊಡ್ತಿದ್ರು, ಯಾರ ಬಾಜೂಕ ಮಲಗ್ತಿದ್ಲು, ಎಲ್ಲಾ. 'ನೀವು ಹೇಳಲಿಲ್ಲ, ನಾವು ಕೇಳಲಿಲ್ಲ' ಅಂದ್ರು. 'ನಮಗ ಚಿಂತಿ ಇದ್ದದ್ದು ನಿಮ್ಮ ಸಾಲದ್ದು.'